ಚಿಕ್ಕ ಸಂಖ್ಯೆ ಕೊಟ್ಟ ಸುಳಿವು

ಮೂರಕ್ಕೆ ಐದು ಕೂಡಿಸಿದ ಒಂದನೇ ತರಗತಿಯ ಮಗುವನ್ನು ‘ಹೇಗೆ ಮಾಡಿದೆ?’ ಎಂದು ಕೇಳಿ ನೋಡಿ. ‘ನಂಗೊತ್ತಿತ್ತು’ ಎಂದು ಓಡಿಬಿಡುತ್ತದೆ. ಗೈ ಗ್ರೋಯನ್ ಮತ್ತು ಜಾನ್ ಪಾರ್ಕ್‌ಮನ್ ಎಂಬ ಮನಶ್ಶಾಸ್ತ್ರಜ್ಞರು ಮಗುವಿನ ಮಾತಿಗೆ ಕಾಯದೆ ಗಡಿಯಾರ ಹಿಡಿದರು. ಲೆಕ್ಕ ಕಣ್ಣಿಗೆ ಬಿದ್ದ ಗಳಿಗೆಯಿಂದ ಉತ್ತರ ಬರುವವರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದರು. ಆ ಕೆಲಸ 1972ರಲ್ಲಿ ಪ್ರಕಟವಾಯಿತು.

ಅವರ ತರ್ಕ ಸರಳ. ಮಗು ಒಂದರಿಂದ ಶುರುಮಾಡಿ ಎಲ್ಲವನ್ನೂ ಎಣಿಸುವುದಾದರೆ, ಮೊತ್ತ ದೊಡ್ಡದಾದಷ್ಟೂ ಹೊತ್ತು ಹೆಚ್ಚಬೇಕು. ಮೊದಲ ಸಂಖ್ಯೆಯಿಂದ ಮುಂದಕ್ಕೆ ಎಣಿಸುವುದಾದರೆ ಎರಡನೆಯದು ದೊಡ್ಡದಿದ್ದಾಗ ತಡವಾಗಬೇಕು. ಸಿಕ್ಕ ಅಂಕಿಗಳು ಎರಡಕ್ಕೂ ಒಗ್ಗಲಿಲ್ಲ. ಹೊತ್ತು ಹೆಚ್ಚುತ್ತಿದ್ದದ್ದು ಎರಡರಲ್ಲಿ ಚಿಕ್ಕದಾದ ಸಂಖ್ಯೆಗೆ ತಕ್ಕಂತೆ: ಅದು ಒಂದೊಂದು ಹೆಚ್ಚಿದಂತೆ ಸುಮಾರು 0.4 ಸೆಕೆಂಡು ಹೆಚ್ಚು. 3+5 ಆಗಲಿ, 5+3 ಆಗಲಿ, ಮಕ್ಕಳು ಐದನ್ನು ಹಿಡಿದುಕೊಂಡು ‘ಆರು, ಏಳು, ಎಂಟು’ ಎನ್ನುತ್ತಿದ್ದಾರೆ ಎಂದು ಅವರು ಊಹಿಸಿದರು. 2+2, 4+4ರಂಥ ಜೋಡಿಗಳು ಮಾತ್ರ ಈ ಲೆಕ್ಕಕ್ಕೆ ಸಿಗದೆ ಬೇಗ ಮುಗಿಯುತ್ತಿದ್ದವು.

ನಮ್ಮಲ್ಲಿ ಇದನ್ನೇ ‘ದೊಡ್ಡದು ಮನಸ್ಸಲ್ಲಿ, ಚಿಕ್ಕದು ಕೈಯಲ್ಲಿ’ ಎಂದು ಹೇಳಿಕೊಡುತ್ತೇವೆ. ಯಾರೂ ಹೇಳಿಕೊಡದಿದ್ದರೆ?

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಲಾರೆನ್ ರೆಸ್ನಿಕ್ ಅವರು ಗ್ರೋಯನ್ ಜೊತೆ ಸೇರಿ ಇದನ್ನೇ ಪರೀಕ್ಷಿಸಿ 1977ರಲ್ಲಿ ವರದಿ ಮಾಡಿದರು. ಇನ್ನೂ ಶಾಲೆಯ ಗಣಿತ ಮುಟ್ಟದ ಬೆರಳೆಣಿಕೆಯ ಮಕ್ಕಳಿಗೆ ಅವರು ಕಲಿಸಿದ್ದು ಉದ್ದದ ದಾರಿಯನ್ನು: ಮೂರು ಮರದ ತುಂಡು ಎಣಿಸಿಡು, ಐದು ಎಣಿಸಿಡು, ಎರಡನ್ನೂ ಕೂಡಿಸಿ ಮತ್ತೆ ಒಂದರಿಂದ ಎಣಿಸು. ಎಂಟಕ್ಕಾಗಿ ಹದಿನಾರು ಸಲ ಬಾಯಿ ಆಡಬೇಕು! ವಾರಗಟ್ಟಲೆ ಅಭ್ಯಾಸವಾದ ಮೇಲೆ ನೋಡಿದರೆ ಸುಮಾರು ಅರ್ಧದಷ್ಟು ಮಕ್ಕಳು ಹೇಳಿಕೊಟ್ಟ ದಾರಿ ಬಿಟ್ಟು, ದೊಡ್ಡ ಸಂಖ್ಯೆಯಿಂದ ಮುಂದಕ್ಕೆ ಎಣಿಸುವ ಒಳದಾರಿ ಹಿಡಿದಿದ್ದರು. ಸಂಖ್ಯೆಗಳ ಸ್ಥಾನ ಅದಲುಬದಲಾದರೂ ಮೊತ್ತ ಬದಲಾಗದು ಎಂಬ ನಿಯಮವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಸೀಗ್ಲರ್ ಇದಕ್ಕೆ ಅಡ್ಡಿ ತಂದರು. ಅವರು ಗಡಿಯಾರದ ಜೊತೆಗೆ ವಿಡಿಯೊ ಇಟ್ಟುಕೊಂಡು, ಪ್ರತಿ ಲೆಕ್ಕವಾದ ಮೇಲೂ ‘ಹೇಗೆ ಮಾಡಿದೆ?’ ಎಂದು ಕೇಳಿದರು. ಮಕ್ಕಳು ಒಳದಾರಿ ಹಿಡಿದದ್ದು ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಲೆಕ್ಕಗಳಲ್ಲಿ ಮಾತ್ರ. ಉಳಿದಂತೆ ಕೆಲವು ನೆನಪಿನಿಂದ, ಕೆಲವು ಒಂದರಿಂದ ಎಣಿಸಿ, ಕೆಲವು ಸುಲಭದ ಲೆಕ್ಕಕ್ಕೆ ಒಡೆದುಕೊಂಡು, ಕೆಲವು ಬರೀ ಅಂದಾಜಿನಿಂದ. ಅರ್ಧ ಜನ ನಡೆದು, ಅರ್ಧ ಜನ ಬಸ್ಸಿನಲ್ಲಿ ಬಂದಾಗ ಸರಾಸರಿ ತೆಗೆದರೆ ಎಲ್ಲರೂ ಸೈಕಲ್ ತುಳಿದು ಬಂದಂತೆ ಕಾಣುತ್ತದಲ್ಲ, ಹಾಗಾಗಿತ್ತು ಹಳೆಯ ತೀರ್ಮಾನ. ಸೀಗ್ಲರ್ ಇದನ್ನು ಬರೆದ 1987ರ ಲೇಖನದ ಪೆಟ್ಟು ಗಣಿತಕ್ಕಿಂತ ಹೆಚ್ಚಾಗಿ ಸರಾಸರಿಯನ್ನು ನಂಬುವವರಿಗೇ ಬಿತ್ತು ಎಂದು ನನಗನ್ನಿಸುತ್ತದೆ.

ಹಾಗಾದರೆ ಒಳದಾರಿ ಮೊದಲ ಸಲ ಹೊಳೆಯುವ ಗಳಿಗೆ ಹೇಗಿರುತ್ತದೆ? ಅದನ್ನು ಕಣ್ಣಾರೆ ನೋಡಲೆಂದೇ ಸೀಗ್ಲರ್ ಮತ್ತು ಎರಿಕ್ ಜೆಂಕಿನ್ಸ್ ಎಂಟು ಪುಟ್ಟ ಮಕ್ಕಳ ಜೊತೆ ಹನ್ನೊಂದು ವಾರ ಕುಳಿತರು. 1989ರಲ್ಲಿ ಅದು ಪುಸ್ತಕವಾಯಿತು. ಎಂಟರಲ್ಲಿ ಏಳು ಮಕ್ಕಳು ಒಳದಾರಿ ಕಂಡುಕೊಂಡರು. ಲೆಕ್ಕ ತಪ್ಪಿ, ಬೇಸತ್ತು ಕಂಡುಕೊಂಡದ್ದಲ್ಲ. ಹಿಂದೆ ಸರಿಯಾಗಿಯೇ ಬಿಡಿಸಿದ್ದಂಥ ಸುಲಭದ ಲೆಕ್ಕದಲ್ಲೇ ಹೊಳೆಯಿತು. ಆ ಹೊತ್ತಿಗೆ ಮಗು ಎಂದಿಗಿಂತ ಹೆಚ್ಚು ತಡವರಿಸುತ್ತಿತ್ತು. ಎಣಿಸಿದ್ದು ವಿಡಿಯೊದಲ್ಲಿ ಕೇಳಿಸುತ್ತಿದ್ದರೂ ‘ನಾನು ಎಣಿಸಲೇ ಇಲ್ಲ’ ಎಂದು ಸಾಧಿಸಿದ ಮಗುವೂ ಇತ್ತು. ಇನ್ನೂ ವಿಚಿತ್ರವೆಂದರೆ, ಐದಕ್ಕೆ ಮೂರು ಕೂಡಿಸಲು ಐದನ್ನೇ ಎರಡು ಸಲ ಎಣಿಸುವಂಥ ಅಸಂಬದ್ಧ ದಾರಿಗಳನ್ನು ಒಂದು ಮಗುವೂ ಪ್ರಯತ್ನಿಸಲಿಲ್ಲ. ಹೊಸ ದಾರಿ ಹುಡುಕುವ ಮೊದಲೇ ಯಾವುದು ದಾರಿಯಲ್ಲ ಎಂದು ಅವರಿಗೆ ಗೊತ್ತಿತ್ತು.

ಕಂಡುಕೊಂಡವರೂ ಅದನ್ನು ಅಪರೂಪಕ್ಕೆ ಮಾತ್ರ ಬಳಸುತ್ತಿದ್ದರು. ಎಂಟನೆಯ ವಾರ ಸಂಶೋಧಕರು 22+3ರಂಥ ಲೆಕ್ಕಗಳನ್ನು ಮುಂದಿಟ್ಟರು. ಇಪ್ಪತ್ತೆರಡಕ್ಕೆ ಬೆರಳು ಸಾಲವು, ಒಂದರಿಂದ ಶುರುಮಾಡಿದರೆ ನಡುವೆ ಎಣಿಕೆ ತಪ್ಪುತ್ತದೆ, ಇಪ್ಪತ್ತೆರಡರಿಂದ ಮುಂದಕ್ಕೆ ಹೋದರೆ ಮೂರೇ ಹೆಜ್ಜೆ. ಆಮೇಲೆ ಒಳದಾರಿಯ ಬಳಕೆ ಏರಿತು. ನಮ್ಮ ಮಕ್ಕಳ ಮೊದಲ ಸಂಕಲನದ ಅಭ್ಯಾಸಗಳು ಬಹುಮಟ್ಟಿಗೆ ಒಂಬತ್ತರ ಒಳಗೇ ಸುತ್ತುತ್ತವೆ; ಅಲ್ಲಿ ಒಂದರಿಂದ ಎಣಿಸಿದರೂ ಮಗುವಿಗೆ ಕಷ್ಟವೇನಿಲ್ಲ. ಅವುಗಳ ನಡುವೆ ಒಂದೆರಡು 21+2 ಸೇರಿಸಿ, ಮಗು ಯಾವ ಸಂಖ್ಯೆಯಿಂದ ಬಾಯಿ ತೆರೆಯುತ್ತದೆ ಎಂದು ಮೇಷ್ಟ್ರು ಕಿವಿಗೊಡಬಹುದು.