ವೀರ್ಯಾಣುವಿಗೇ ಮೀಸಲಾದ ಒಂದು ಕಿಣ್ವ

ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ಕಾರ್ಯವು ದೇಹದ ಬಹುಪಾಲು ಜೀವಕೋಶಗಳಲ್ಲಿ ಒಂದೇ ಬಗೆಯಾಗಿ ನಡೆಯುತ್ತದೆ. ಅದರ ಕೊನೆಯಲ್ಲಿ ದೊರೆಯುವ ಪೈರುವೇಟನ್ನು ಲ್ಯಾಕ್ಟೇಟಾಗಿ ಮಾರ್ಪಡಿಸುವ ಕಿಣ್ವಕ್ಕೆ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂದು ಹೆಸರು. ನಾಲ್ಕು ಉಪಘಟಕಗಳು ಕೂಡಿ ಇದರ ಒಂದು ಅಣುವಾಗುತ್ತದೆ. ಸ್ನಾಯುವಿನಲ್ಲಿ ಹೇರಳವಾಗಿರುವ ‘ಎ’, ಹೃದಯದಲ್ಲಿ ಹೇರಳವಾಗಿರುವ ‘ಬಿ’ ಎಂಬ ಎರಡು ಉಪಘಟಕಗಳು ಬೇರೆ ಬೇರೆ ಪ್ರಮಾಣದಲ್ಲಿ ಸೇರುವುದರಿಂದ ಐದು ರೂಪಗಳುಂಟಾಗುತ್ತವೆ.

1963ರಲ್ಲಿ ಬ್ಲಾಂಕೊ ಮತ್ತು ಜಿಂಕ್‌ಹ್ಯಾಮ್ ಎಂಬ ವಿದ್ವಾಂಸರು ಮಾನವ ವೃಷಣದ ಸಾರವನ್ನು ವಿದ್ಯುತ್ಪ್ರವಾಹದಿಂದ ಬೇರ್ಪಡಿಸಿ ನೋಡಿದಾಗ ಆರನೆಯ ಪಟ್ಟೆಯೊಂದು ಕಂಡುಬಂದಿತು. ಅದೇ ವರ್ಷ ಎರ್ವಿನ್ ಗೋಲ್ಡ್‌ಬರ್ಗ್ ಅವರು ಮಾನವ ವೀರ್ಯಾಣುಗಳಲ್ಲಿ ಅದನ್ನು ಸ್ವತಂತ್ರವಾಗಿ ಗುರುತಿಸಿದರು. ಒಂದೇ ಸಂಗತಿ ಏಕಕಾಲಕ್ಕೆ ಎರಡು ಕಡೆ ಹೊರಪಟ್ಟುದು ಇತಿಹಾಸದ ವಿದ್ಯಾರ್ಥಿಗೆ ಆಶ್ಚರ್ಯವನ್ನುಂಟುಮಾಡದು. ಕಿಣ್ವದ ರೂಪಭೇದಗಳನ್ನು ಹೀಗೆ ಪಟ್ಟೆಗಳಾಗಿ ಬಿಡಿಸುವ ವಿಧಾನವು ಆಗತಾನೆ ಪ್ರಯೋಗಶಾಲೆಗಳಲ್ಲಿ ಹಬ್ಬತೊಡಗಿದ್ದಿತು. ಈ ಪಟ್ಟೆ ಪ್ರಾಯಕ್ಕೆ ಬಾರದ ಬಾಲಕರ ವೃಷಣದಲ್ಲಿ ಕಾಣದು. ಮೊದಲು ಇದನ್ನು ‘ಎಕ್ಸ್’ ಎಂದು ಕರೆದರು. ಅನಂತರ ‘ಸಿ’ ಎಂಬ ಹೆಸರು ರೂಢಿಗೆ ಬಂದಿತು.

ದೇಹದಲ್ಲಿ ಐದು ರೂಪಗಳಿರಲು ಆರನೆಯದೇಕೆ? ಉತ್ತರಕ್ಕಾಗಿ ಬಹುಕಾಲ ಕಾಯಬೇಕಾಯಿತು. 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇಲಿಗಳಿಂದ ಈ ಕಿಣ್ವದ ಜೀನನ್ನು ತೆಗೆದುಹಾಕಲಾಯಿತು. ಹೆಣ್ಣಿಲಿಗಳ ಸಂತಾನಶಕ್ತಿಗೆ ಕುಂದುಂಟಾಗಲಿಲ್ಲ. ಗಂಡಿಲಿಗಳಲ್ಲಿ ವೀರ್ಯಾಣುಗಳು ಉತ್ಪತ್ತಿಯಾದುವು; ಆದರೆ ಅವುಗಳಲ್ಲಿ ಎಟಿಪಿಯ ಪ್ರಮಾಣವು ಬೇಗನೆ ಇಳಿದು, ಮುಂದಕ್ಕೆ ಈಜುವ ಸಾಮರ್ಥ್ಯ ಕುಗ್ಗಿ, ಫಲವತ್ತತೆಗೆ ತೀವ್ರ ಹಾನಿಯಾಯಿತು. ಬಾಲದ ಬಡಿತಕ್ಕೆ ಬೇಕಾದ ಶಕ್ತಿಯ ಬಹುಭಾಗವು ಬಾಲದಲ್ಲಿಯೇ ನಡೆಯುವ ಸಕ್ಕರೆಯ ವಿಘಟನೆಯಿಂದ ಒದಗುವುದೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಅನ್ಯತ್ರ ವಿರಳವಾದ ಈ ಕಿಣ್ವವನ್ನು ತಡೆದರೆ ದೇಹಕ್ಕೆ ಬಾಧೆಯಿಲ್ಲದೆ ಗರ್ಭನಿರೋಧವನ್ನು ಸಾಧಿಸಬಹುದೆಂಬ ಆಸೆ ಸಹಜವಾದುದೇ. ಗೋಲ್ಡ್‌ಬರ್ಗ್ ಅವರು ಲಸಿಕೆಯ ಮಾರ್ಗವನ್ನು ದಶಕಗಳ ಕಾಲ ಅನುಸರಿಸಿದರು. ಬಬೂನ್‌ಗಳಲ್ಲಿ ಗರ್ಭಧಾರಣೆ ಕಡಮೆಯಾಯಿತು. ಆದರೆ 2002ರಲ್ಲಿ ವರದಿಯಾದ ಮಕಾಕ್ ಕೋತಿಗಳ ಪ್ರಯೋಗದಲ್ಲಿ ಆ ಫಲ ದೊರೆಯಲಿಲ್ಲ. ಔಷಧದ ಮಾರ್ಗವೂ ಸುಗಮವಲ್ಲ. ‘ಎ’ ಮತ್ತು ‘ಸಿ’ಗಳ ರಚನೆ ಸುಮಾರು ಮುಕ್ಕಾಲು ಪಾಲು ಒಂದೇ ಆಗಿರುವುದರಿಂದ, ಒಂದನ್ನು ತಡೆಯುವ ವಸ್ತು ಮತ್ತೊಂದನ್ನೂ ತಡೆದು ಸ್ನಾಯುಗಳಿಗೆ ಕೇಡು ತರುವ ಭಯವುಂಟು. ಲಸಿಕೆಯ ವೈಫಲ್ಯಕ್ಕಿಂತ ಈ ಸಾಮ್ಯವೇ ಹೆಚ್ಚಿನ ತೊಡಕೆಂದು ನನ್ನ ಎಣಿಕೆ.

ಇನ್ನು ರೋಗದ ಮಾತು. ಇತರ ಅಂಗಾಂಶಗಳಲ್ಲಿ ಮುಚ್ಚಿಕೊಂಡಿರುವ ಈ ಜೀನು ಶ್ವಾಸಕೋಶ, ಸ್ತನ ಮತ್ತು ಚರ್ಮದ ಕೆಲವು ಅರ್ಬುದಗಳಲ್ಲಿ ಮತ್ತೆ ತೆರೆದುಕೊಳ್ಳುವುದೆಂದು 2002ರಲ್ಲಿ ವರದಿಯಾಯಿತು. ವೃಷಣದಲ್ಲಿಯೂ ಅರ್ಬುದದಲ್ಲಿಯೂ ಮಾತ್ರ ಕಾಣುವ ವಸ್ತುಗಳ ಗುಂಪಿಗೆ ಇದನ್ನು ಅಂದಿನಿಂದ ಸೇರಿಸಲಾಗಿದೆ.