ಮನೆಯ ಶೀತಯಂತ್ರವೂ ಅದರ ದುರಸ್ತಿಯೂ

ಬೇಸಗೆಯು ಕಾಲಿಟ್ಟಿತೆಂದರೆ ನಮ್ಮ ಹಿರಿಯರು ಬಾಗಿಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸುವರು. ಮೂಲೆಯಲ್ಲಿ ಮಣ್ಣಿನ ಹೂಜಿಯನ್ನು ಇಡುವರು. ಅಷ್ಟರಿಂದಲೇ ತಾಪವನ್ನು ಕಳೆಯುವರು. ಈಗ ಎಷ್ಟೋ ಮನೆಗಳಲ್ಲಿ ಆ ಕೆಲಸವನ್ನು ಯಂತ್ರವು ವಹಿಸಿಕೊಂಡಿದೆ. ಅಮೆರಿಕಾ ದೇಶದ ಟೆಕ್ಸಾಸ್, ಅರಿಜೋನಾ, ಫ್ಲಾರಿಡಾ ಮೊದಲಾದ ಸೆಕೆಯ ಸಂಸ್ಥಾನಗಳಲ್ಲಿ ಇಡೀ ಮನೆಗೆ ಒಂದೇ ಯಂತ್ರವನ್ನು ಸ್ಥಾಪಿಸಿ, ಅದರ ತಂಪುಗಾಳಿಯನ್ನು ಕೊಳವೆಗಳ ಮೂಲಕ ಎಲ್ಲ ಕೊಠಡಿಗಳಿಗೂ ಹಂಚುವುದು ವಾಡಿಕೆ. ಇದಕ್ಕೆ ಸೆಂಟ್ರಲ್ ಏರ್ ಕಂಡಿಷನಿಂಗ್ ಎಂದು ಹೆಸರು. ಆ ಪ್ರಾಂತಗಳಲ್ಲಿ ಕನ್ನಡದ ಮನೆಗಳೂ ಬಹಳವಿವೆ. ಮಗನನ್ನೋ ಮಗಳನ್ನೋ ನೋಡಿಬರಲು ಹೋದ ತಾಯಿತಂದೆಗಳು, ಮಕ್ಕಳು ಕೆಲಸಕ್ಕೆ ಹೊರಟುಹೋದ ಮೇಲೆ, ಹಗಲೆಲ್ಲ ಆ ಯಂತ್ರವೊಂದನ್ನೇ ನಂಬಿ ಮನೆಯಲ್ಲಿರುತ್ತಾರೆ. ಅದು ನಿಂತುಹೋದರೆ ಏನು ಮಾಡಬೇಕು, ದುರಸ್ತಿಗೆ ಬಂದವನನ್ನು ಏನು ಕೇಳಬೇಕು, ಯಾವ ಮಾತನ್ನು ನಂಬಬೇಕು ಎಂಬುದನ್ನು ನಮ್ಮ ಓದುಗರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಇದು ಕೇವಲ ಸುಖಭೋಗದ ವಿಷಯವೆಂದು ಯಾರೂ ತಿಳಿಯಬಾರದು. 2023ನೆಯ ಇಸವಿಯ ಬೇಸಗೆಯಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ 31 ದಿನಗಳ ಕಾಲ ಒಂದು ದಿನವೂ ಬಿಡದೆ ಹಗಲಿನ ಉಷ್ಣತೆಯು 110 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ಸನ್ನು, ಮುಟ್ಟಿತು ಅಥವಾ ಮೀರಿತು. ಆ ನಗರವಿರುವ ಮಾರಿಕೋಪಾ ಜಿಲ್ಲೆಯಲ್ಲಿ ಆ ವರ್ಷ ತಾಪದಿಂದ ಮೃತರಾದವರು 645 ಮಂದಿಯೆಂದು ಅಲ್ಲಿಯ ಆರೋಗ್ಯ ಇಲಾಖೆಯು ಲೆಕ್ಕ ಕೊಟ್ಟಿತು. ಇವರಲ್ಲಿ ಹೆಚ್ಚಿನವರು ಬಯಲಿನ ಬಿಸಿಲಿಗೆ ಸಿಕ್ಕಿದವರು; ಆದರೆ ಮನೆಯೊಳಗೇ ಸತ್ತವರೂ ಇದ್ದರು. ಹಾಗೆ ಸತ್ತವರಲ್ಲಿ ಬಹುಮಂದಿಯ ಮನೆಯಲ್ಲಿ ಶೀತಯಂತ್ರವು ಇದ್ದೇ ಇತ್ತು. ಆದರೆ ಅದು ನಡೆಯುತ್ತಿರಲಿಲ್ಲ. ಆದುದರಿಂದ ಅಂತಹ ಊರುಗಳಲ್ಲಿ ಒಳ್ಳೆಯ ದುರಸ್ತಿಗಾರನ ಬೆಲೆಯು ಒಳ್ಳೆಯ ವೈದ್ಯನ ಬೆಲೆಗಿಂತ ಕಡಿಮೆಯದೇನೂ ಅಲ್ಲ.

ಈ ಯಂತ್ರದ ಹುಟ್ಟು ಮನುಷ್ಯರ ಸೌಖ್ಯಕ್ಕಾಗಿ ಆದುದಲ್ಲವೆಂಬುದು ಸ್ವಾರಸ್ಯವಾದ ಸಂಗತಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ತಣ್ಣನೆಯ ಸುರುಳಿಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿ ತೇವವನ್ನು ಹಿಡಿತಕ್ಕೆ ತರುವ ಉಪಾಯವನ್ನು ರಚಿಸಿದನು. ಶಾಖವನ್ನು ಕಳೆಯುವುದು, ತೇವವನ್ನು ಇಳಿಸುವುದು, ಈ ಎರಡೂ ಇಂದಿಗೂ ಶೀತಯಂತ್ರದ ಕೆಲಸಗಳೇ.

ಯಂತ್ರವು ನಡೆಯುವ ರೀತಿಯನ್ನು ನಮ್ಮ ಹೂಜಿಯ ದೃಷ್ಟಾಂತದಿಂದಲೇ ತಿಳಿಯಬಹುದು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ; ಉಳಿದ ನೀರು ತಣ್ಣಗಾಗುತ್ತದೆ. ಶೀತಯಂತ್ರದಲ್ಲಿ ನೀರಿಗೆ ಬದಲಾಗಿ, ಅತ್ಯಲ್ಪ ಶಾಖಕ್ಕೇ ಕುದಿಯತಕ್ಕ ಒಂದು ದ್ರವವಿರುತ್ತದೆ. ಇದನ್ನು ರೆಫ್ರಿಜರೆಂಟ್ ಎಂದೂ, ಬಳಕೆಯ ಮಾತಿನಲ್ಲಿ ಗ್ಯಾಸ್ ಎಂದೂ ಕರೆಯುವರು. ಮನೆಯೊಳಗಿನ ಸುರುಳಿಕೊಳವೆಯಲ್ಲಿ ಅದು ಆವಿಯಾಗುತ್ತ ಮನೆಯ ಗಾಳಿಯ ಶಾಖವನ್ನು ಹೀರುತ್ತದೆ; ತಣಿದ ಗಾಳಿಯನ್ನು ಒಂದು ಫ್ಯಾನು ಕೊಠಡಿಗಳಿಗೆ ನೂಕುತ್ತದೆ. ಆವಿಯು ಮನೆಯ ಹೊರಗಿರುವ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕಂಪ್ರೆಸರ್ ಎಂಬ ಭಾಗವು ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಆ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ಆವಿಯು ಮರಳಿ ದ್ರವವಾಗುತ್ತದೆ. ಕಿರಿದಾದ ಒಂದು ದಾರಿಯಲ್ಲಿ ನುಗ್ಗಿ, ಒತ್ತಡವನ್ನು ಕಳೆದುಕೊಂಡು, ಒಳಗಿನ ಸುರುಳಿಗೆ ಹಿಂದಿರುಗುತ್ತದೆ.

ಹೂಜಿಗೂ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಮನೆಯವರು ಚೆನ್ನಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೂಜಿಯ ಆವಿಯು ಗಾಳಿಯಲ್ಲಿ ಸೇರಿಹೋಗುತ್ತದೆ. ಆದಕಾರಣ ಅದಕ್ಕೆ ದಿನವೂ ನೀರು ತುಂಬಬೇಕು. ಯಂತ್ರದ ಆವಿಯು ಎಲ್ಲಿಗೂ ಹೋಗುವುದಿಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಒಲೆಯ ಸೌದೆಯಂತೆ, ಮೋಟಾರಿನ ಪೆಟ್ರೋಲಿನಂತೆ ಅದು ಉರಿದು ತೀರುವ ಪದಾರ್ಥವಲ್ಲ. ಹತ್ತು ವರ್ಷ ನಡೆದರೂ, ಕೊಳವೆಯು ಗಟ್ಟಿಯಾಗಿದ್ದರೆ, ಗ್ಯಾಸು ಇದ್ದಷ್ಟೇ ಇರಬೇಕು. ಹೀಗಿರಲು, “ಗ್ಯಾಸ್ ಮುಗಿದಿದೆ, ತುಂಬಿಬಿಡುತ್ತೇನೆ” ಎಂದು ದುರಸ್ತಿಗಾರನು ಹೇಳಿದರೆ, “ಹಾಗಾದರೆ ಅದು ಸೋರಿದ್ದು ಎಲ್ಲಿ?” ಎಂಬುದೇ ನಾವು ಕೇಳತಕ್ಕ ಮೊದಲನೆಯ ಪ್ರಶ್ನೆ. ಸೋರುವ ಸ್ಥಳವನ್ನು ಮುಚ್ಚದೆ ಗ್ಯಾಸು ತುಂಬುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆಯೇ ಸರಿ. ಇಂದು ತಂಪಾಗುವುದು; ಕೆಲವು ತಿಂಗಳಲ್ಲಿ ಮತ್ತೆ ಅದೇ ಕಥೆ, ಮತ್ತೆ ಅದೇ ಖರ್ಚು.

ತಂಪು ಕಡಿಮೆಯಾದುದಕ್ಕೆಲ್ಲ ಗ್ಯಾಸೇ ಕಾರಣವೂ ಅಲ್ಲ. ದುರಸ್ತಿಗಾರನನ್ನು ಕರೆಯುವ ಮೊದಲು ಮನೆಯವರೇ ನೋಡತಕ್ಕ ನಾಲ್ಕು ಸಂಗತಿಗಳಿವೆ. ಮೊದಲನೆಯದು, ಗೋಡೆಯ ಮೇಲಿನ ಥರ್ಮೋಸ್ಟಾಟು ಸರಿಯಾದ ಗುರುತಿನಲ್ಲಿದೆಯೆ, ಅದರ ಬ್ಯಾಟರಿಯು ಸತ್ತಿದೆಯೆ ಎಂಬುದು. ಎರಡನೆಯದು, ವಿದ್ಯುತ್ ಪೆಟ್ಟಿಗೆಯ ಬ್ರೇಕರು ಬಿದ್ದಿದೆಯೆ ಎಂಬುದು. ಬಿದ್ದಿದ್ದರೆ ಒಂದೇ ಸಲ ಎತ್ತಬಹುದು, ಮತ್ತೆ ಬಿದ್ದರೆ ಸುಮ್ಮನಿರಬೇಕು. ಮೂರನೆಯದು, ಗಾಳಿಯನ್ನು ಸೋಸುವ ಫಿಲ್ಟರು. ಧೂಳಿನಿಂದ ಅದು ಮುಚ್ಚಿಹೋದರೆ ಒಳಗಿನ ಸುರುಳಿಗೆ ಗಾಳಿ ಸಾಲದೆ ಅದರ ಮೇಲೆ ಮಂಜುಗಡ್ಡೆಯು ಕಟ್ಟುತ್ತದೆ. ಆಗ ತಂಪು ಮಾಡುವುದನ್ನು ನಿಲ್ಲಿಸಿ, ಹೊಸ ಫಿಲ್ಟರನ್ನು ಹಾಕಿ, ಫ್ಯಾನೊಂದನ್ನೇ ಕೆಲವು ಗಂಟೆ ನಡೆಸಿದರೆ ಮಂಜು ಕರಗುವುದು. ಗ್ಯಾಸು ಕಡಿಮೆಯಾದರೂ ಹೀಗೆಯೇ ಮಂಜು ಕಟ್ಟುವುದುಂಟು. ಆದುದರಿಂದ ಕರಗಿದ ಮೇಲೆ ಮತ್ತೆ ಕಟ್ಟಿದರೆ ಬಲ್ಲವರನ್ನು ಕರೆಯಬೇಕು. ನಾಲ್ಕನೆಯದು, ನೀರು ಹೋಗುವ ನಳಿಗೆ. ಗಾಳಿಯಿಂದ ಇಳಿದ ತೇವವು ನೀರಾಗಿ ಈ ನಳಿಗೆಯಲ್ಲಿ ಹೊರಕ್ಕೆ ಹರಿಯುತ್ತದೆ. ಪಾಚಿಯಿಂದ ಅದು ಕಟ್ಟಿಕೊಂಡರೆ, ಕೆಲವು ಯಂತ್ರಗಳು ತಾವಾಗಿಯೇ ನಿಲ್ಲುತ್ತವೆ. ಟೆಕ್ಸಾಸಿನಲ್ಲಿ ಯಂತ್ರದ ಒಳಭಾಗವನ್ನು ಅನೇಕ ಮನೆಗಳಲ್ಲಿ ಅಟ್ಟದ ಮೇಲೆ ಇಟ್ಟಿರುವುದರಿಂದ, ನಿಲ್ಲದ ಯಂತ್ರದ ನೀರು ಮಾಳಿಗೆಯನ್ನು ನೆನೆಸಿ ಕೆಳಕ್ಕೆ ಇಳಿಯುವುದೂ ಉಂಟು.

ಇಲ್ಲಿಗೆ ಮನೆಯವರ ಕೈಕೆಲಸವು ಮುಗಿಯಿತು. ಹೊರಗಿನ ಪೆಟ್ಟಿಗೆಯ ಮುಚ್ಚಳವನ್ನು ಬಿಚ್ಚುವ ಸಾಹಸವನ್ನು ಯಾರೂ ಮಾಡಬಾರದು. ಅದರೊಳಗೆ ಕೆಪಾಸಿಟರ್ ಎಂಬ, ಚಿಕ್ಕ ಡಬ್ಬಿಯಂತಿರುವ ಒಂದು ಭಾಗವಿದೆ. ಕರೆಂಟನ್ನು ತೆಗೆದ ಮೇಲೆಯೂ ಅದು ತನ್ನಲ್ಲಿ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ, ಮುಟ್ಟಿದವರಿಗೆ ಪ್ರಾಣಾಪಾಯವಾಗಬಹುದು. ಹೊರಗಿನ ಪೆಟ್ಟಿಗೆಯು ಗುಂಯ್ ಎನ್ನುತ್ತಿದ್ದು ಅದರ ಫ್ಯಾನು ತಿರುಗದಿದ್ದರೆ ಅನೇಕ ಸಲ ಈ ಭಾಗವೇ ಕೆಟ್ಟಿರುತ್ತದೆ. ಬಲ್ಲವನ ಕೈಯಲ್ಲಿ ಇದು ಸ್ವಲ್ಪ ಹೊತ್ತಿನ, ಸ್ವಲ್ಪ ಬೆಲೆಯ ಕೆಲಸ. ಲೋಭಿಯ ಕೈಗೆ ಸಿಕ್ಕಿದರೆ “ಕಂಪ್ರೆಸರೇ ಸುಟ್ಟಿದೆ, ಹೊಸ ಯಂತ್ರವನ್ನೇ ಹಾಕಿಸಿ” ಎಂಬ ಮಾತಾಗಿ, ಸಾವಿರಾರು ಡಾಲರುಗಳಿಗೆ ಏರಬಹುದು. ಯಂತ್ರವನ್ನು ಬದಲಿಸಬೇಕೆಂಬ ಮಾತು ಬಂದಾಗ, ಅಳೆದ ಲೆಕ್ಕವನ್ನು ಬರೆದುಕೊಡುವಂತೆ ಕೇಳಿ, ಇನ್ನೊಬ್ಬ ದುರಸ್ತಿಗಾರನ ಅಭಿಪ್ರಾಯವನ್ನೂ ಪಡೆಯುವುದು ಗೃಹಸ್ಥರ ಹಕ್ಕು. ಒಳ್ಳೆಯ ದುರಸ್ತಿಗಾರನು ಇದಕ್ಕೆ ಮುನಿಯುವುದಿಲ್ಲ.

ಒಳ್ಳೆಯವನನ್ನು ಗುರುತಿಸುವುದು ಹೇಗೆ? ಅವನ ನಾಲಿಗೆಗಿಂತ ಅವನ ಕೈಯನ್ನು ನೋಡಬೇಕು. ನಾಡಿಯನ್ನು ಹಿಡಿಯದೆ ಮದ್ದು ಕೊಡುವ ವೈದ್ಯನನ್ನು ನಾವು ನಂಬುವೆವೆ? ಹಾಗೆಯೇ, ಬಂದವನು ಮೊದಲು ಫಿಲ್ಟರನ್ನು ನೋಡಬೇಕು. ಯಂತ್ರಕ್ಕೆ ಹೋಗುವ ಗಾಳಿಯ ಮತ್ತು ಅದರಿಂದ ಬರುವ ಗಾಳಿಯ ಉಷ್ಣತೆಗಳನ್ನು ಅಳೆಯಬೇಕು. ಸ್ವಸ್ಥವಾದ ಯಂತ್ರದಲ್ಲಿ ಈ ಎರಡರ ಅಂತರವು ಸಾಮಾನ್ಯವಾಗಿ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್, ಎಂದರೆ 9ರಿಂದ 12 ಡಿಗ್ರಿ ಸೆಲ್ಸಿಯಸ್ಸಿನಷ್ಟಿರುತ್ತದೆ. ಬಳಿಕ ವಿದ್ಯುತ್ತಿನ ಭಾಗಗಳ ಪರೀಕ್ಷೆ. ಆಮೇಲೆ ಗ್ಯಾಸಿನ ಒತ್ತಡದ ಪರೀಕ್ಷೆ. ಗ್ಯಾಸು ಕಡಿಮೆಯಿದೆಯೆಂದು ಖಚಿತವಾದರೆ, ಸಾಬೂನಿನ ನೊರೆಯಿಂದಲೋ ಸೂಕ್ಷ್ಮ ಉಪಕರಣದಿಂದಲೋ ಸೋರುವ ಸ್ಥಳವನ್ನು ಹುಡುಕುವನು. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡು, ತೂತನ್ನು ಬೆಸುಗೆ ಹಾಕಿ ಮುಚ್ಚುವನು. ನೈಟ್ರೋಜನ್ ಅನಿಲವನ್ನು ಒತ್ತಡದಿಂದ ತುಂಬಿ, ಬೆಸುಗೆಯು ನಿಂತಿತೆ ಎಂದು ಕಾದು ನೋಡುವನು. ಅನಂತರ ಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪೂರ್ತಿಯಾಗಿ ಹೊರಗೆಳೆಯುವನು. ಏಕೆಂದರೆ ತೇವವು ಉಳಿದರೆ ಒಳಗೆ ಆಮ್ಲವುಂಟಾಗಿ ಕಂಪ್ರೆಸರನ್ನು ತಿನ್ನುತ್ತದೆ. ಕಡೆಯದಾಗಿ, ಯಂತ್ರದ ಫಲಕದಲ್ಲಿ ಬರೆದಿರುವಷ್ಟು ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬುವನು. ಈ ಕೆಲಸಕ್ಕೆ ಗಂಟೆಗಳು ಹಿಡಿಯುತ್ತವೆ. ಹದಿನೈದು ನಿಮಿಷಗಳಲ್ಲಿ ಗ್ಯಾಸು ತುಂಬಿ ಹೋದವನು ಇದರಲ್ಲಿ ಬಹುಭಾಗವನ್ನು ಬಿಟ್ಟಿದ್ದಾನೆಂದು ತಿಳಿಯಬೇಕು.

ಈ ವಿಷಯದಲ್ಲಿ ಅಮೆರಿಕಾದ ಕಾನೂನು ಮನೆಯವರಿಗೆ ಬೆಂಬಲವಾಗಿದೆ. ಹಿಂದಿನ ಗ್ಯಾಸುಗಳಲ್ಲಿದ್ದ ಕ್ಲೋರಿನ್ನು ಮೇಲ್ಗಾಳಿಯ ಓಜೋನ್ ಪದರವನ್ನು ಕೆಡಿಸುವುದೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿಕೊಟ್ಟರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಗ್ಯಾಸನ್ನು ತಿಳಿದೂ ತಿಳಿದೂ ಗಾಳಿಗೆ ಬಿಡುವುದು 1992ರಿಂದ ಆ ದೇಶದಲ್ಲಿ ಅಪರಾಧ. ಗ್ಯಾಸಿನ ಕೊಳವೆಯನ್ನು ಬಿಚ್ಚುವವನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದಿರಬೇಕೆಂಬುದು 1994ರಿಂದ ನಿಯಮ. ಟೆಕ್ಸಾಸಿನಲ್ಲಿ ಇದಲ್ಲದೆ ಗುತ್ತಿಗೆದಾರನಿಗೆ ಸಂಸ್ಥಾನದ ಲೈಸೆನ್ಸ್ ಇರಬೇಕು. ಅದರ ಸಂಖ್ಯೆಯನ್ನು ಅವನ ವಾಹನದ ಮೇಲೆ ಬರೆದಿರಬೇಕು. ಈ ಪತ್ರಗಳನ್ನು ತೋರಿಸೆಂದು ಕೇಳುವುದರಲ್ಲಿ ಸಂಕೋಚವೇನೂ ಬೇಕಿಲ್ಲ.

ಯಂತ್ರದಲ್ಲಿರುವ ಗ್ಯಾಸಿನ ಹೆಸರನ್ನೂ ಮನೆಯವರು ತಿಳಿದಿರಬೇಕು. ಆರ್-22 ಎಂಬ ಹಳೆಯ ಗ್ಯಾಸಿನ ತಯಾರಿಕೆಯೂ ಆಮದೂ ಅಮೆರಿಕಾದಲ್ಲಿ 2020ನೆಯ ಇಸವಿಯ ಮೊದಲ ದಿನದಿಂದ ನಿಂತುಹೋದವು. ಅಂತಹ ಯಂತ್ರವು ಸೋರತೊಡಗಿದರೆ ದುಬಾರಿ ಗ್ಯಾಸಿಗೆ ಹಣ ಸುರಿಯುವುದಕ್ಕಿಂತ ಯಂತ್ರವನ್ನೇ ಬದಲಿಸುವುದು ಲೇಸಾಗಬಹುದು. ಅದರ ಸ್ಥಾನಕ್ಕೆ ಬಂದ 410-ಎ ಓಜೋನನ್ನು ಕೆಡಿಸದಿದ್ದರೂ, ಭೂಮಿಯ ತಾಪವನ್ನು ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ಎರಡು ಸಾವಿರ ಪಟ್ಟು ಏರಿಸತಕ್ಕದ್ದು. ಆದಕಾರಣ 2025ರಿಂದ ಹೊಸ ಗೃಹಯಂತ್ರಗಳು 454-ಬಿ, 32 ಎಂಬ ಗ್ಯಾಸುಗಳ ಕಡೆಗೆ ತಿರುಗಿವೆ. ಇವು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಸ್ವಭಾವದವು. ಒಂದರ ಯಂತ್ರಕ್ಕೆ ಇನ್ನೊಂದನ್ನು ತುಂಬುವುದು ಅಪಾಯ.

ನಮ್ಮ ನಾಡಿನ ಮನೆಗಳಲ್ಲಿ ಇಂತಹ ದೊಡ್ಡ ಯಂತ್ರಗಳು ವಿರಳ. ಕೊಠಡಿಗೊಂದು ಸ್ಪ್ಲಿಟ್ ಎ.ಸಿ. ಇಡುವುದೇ ರೂಢಿ. ಆದರೆ ಗಾತ್ರವು ಬೇರೆಯಾದರೂ ಧರ್ಮವು ಒಂದೇ. ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿಯೂ ಮಂಗಳೂರಿನ ಸೆಕೆಯಲ್ಲಿಯೂ “ವರ್ಷಕ್ಕೊಮ್ಮೆ ಗ್ಯಾಸು ಹಾಕಿಸಬೇಕು” ಎಂಬ ನಂಬಿಕೆಯು ಎಷ್ಟೋ ಮನೆಗಳಲ್ಲಿ ಬೇರೂರಿದೆ. ವರ್ಷಕ್ಕೊಮ್ಮೆ ಬೇಕಾದುದು ಯಂತ್ರವನ್ನು ಶುಚಿ ಮಾಡಿಸುವುದು, ಗ್ಯಾಸು ಹಾಕಿಸುವುದಲ್ಲ. ಕಡಲ ತೀರದಲ್ಲಿ ಉಪ್ಪುಗಾಳಿಯಿಂದ ಸುರುಳಿಗಳು ಸವೆದು ತೂತು ಬೀಳುವುದುಂಟು. ಆಗಲೂ ಮೊದಲು ಕೇಳತಕ್ಕದ್ದು ಅದೇ ಪ್ರಶ್ನೆ.

ಯಂತ್ರವು ನಿಂತು ದುರಸ್ತಿಗಾರನು ಬರುವ ತನಕ ಮನೆಯಲ್ಲಿರುವ ವೃದ್ಧರನ್ನೂ ಶಿಶುಗಳನ್ನೂ ಮರೆಯಬಾರದು. ಪರದೆಗಳನ್ನು ಎಳೆದು, ಆಗಾಗ ನೀರು ಕುಡಿಸಬೇಕು. ಗಾಳಿಯೇ ಮೈಗಿಂತ ಬಿಸಿಯಾಗಿರುವಾಗ ಫ್ಯಾನೊಂದನ್ನೇ ನೆಚ್ಚುವುದು ಸಲ್ಲದು. ನೆರೆಮನೆಗೋ, ತಂಪಾದ ಸಾರ್ವಜನಿಕ ಪುಸ್ತಕಾಲಯಕ್ಕೋ ಅವರನ್ನು ಕರೆದೊಯ್ಯಬೇಕು. ಮಾತು ತೊದಲಿದರೆ, ಬುದ್ಧಿ ಮಂಕಾದರೆ, ತಡಮಾಡದೆ ವೈದ್ಯರ ನೆರವನ್ನು ಪಡೆಯಬೇಕು.

ಬೇಸಗೆಯ ನಡುವಿನಲ್ಲಿ ಎಲ್ಲರ ಮನೆಯಿಂದಲೂ ಕರೆ ಬರುವಾಗ ಒಳ್ಳೆಯ ದುರಸ್ತಿಗಾರನು ಸುಲಭವಾಗಿ ಸಿಕ್ಕುವುದಿಲ್ಲ. ಅವಸರದಲ್ಲಿ ಸಿಕ್ಕಿದವನಿಗೆ ಒಪ್ಪಿಸುವ ಮನೆಯೇ ಹೆಚ್ಚಾಗಿ ಮೋಸಹೋಗುವುದು. ಆದುದರಿಂದ ಚಳಿಯು ಕಳೆಯುತ್ತಲೇ, ಸೆಕೆಯು ಏರುವ ಮುನ್ನವೇ, ಯಂತ್ರವನ್ನು ಪರೀಕ್ಷೆ ಮಾಡಿಸಿ, ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಜಾಣತನ. ಮುಂದಿನ ವರ್ಷ ಬಂದವನು ಏನೇ ಹೇಳಲಿ, ಆ ಪುಸ್ತಕವು ಮನೆಯವರ ಪರವಾಗಿ ಸಾಕ್ಷಿ ನುಡಿಯುವುದು.