ಆಕಾಶದಿಂದ ಬಿದ್ದ ‘ಉಡಿಪಿ’

ಕಾಪು ಬೀಚಿನಲ್ಲಿ ಕುಳಿತಿದ್ದಾಗ ಉಲ್ಕೆಯೊಂದು ಉರಿದು ಮಾಯವಾಯಿತು. ‘ಇಂಥದ್ದು ಕಾರ್ಕಳದ ಕಡೆ ನೆಲಕ್ಕೇ ಬಿದ್ದರೆ ಏನು ಸಿಗಬಹುದು?’ ಎಂದ ಮಣಿಪಾಲದ ಗೆಳೆಯ. ‘ಕಬ್ಬಿಣದ ಗುಂಡು’ ಎಂದೆ, ಗತ್ತಿನಿಂದ.

ರೂಮಿಗೆ ಬಂದು ಓದಿದರೆ ಲೆಕ್ಕವೇ ಬೇರೆ. ಬೀಳುವುದನ್ನು ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ಶೇ 90ಕ್ಕೂ ಹೆಚ್ಚು ಕಲ್ಲುಗಳೇ. ಕಬ್ಬಿಣ ಶೇ 5ರಷ್ಟು ಮಾತ್ರ. 1866ರ ಏಪ್ರಿಲ್‌ನಲ್ಲಿ ನಮ್ಮ ಉಡುಪಿ ಬಳಿ ಬಿದ್ದದ್ದೂ ಕಲ್ಲೇ. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದರ ಹೆಸರು ‘ಉಡಿಪಿ’, ಗುಂಪು ಎಚ್5. ಈ ಗುಂಪಿನ ಕಲ್ಲಿನೊಳಗೆ ಲೋಹದ ಕಣಗಳಿರುವುದರಿಂದ ಆಯಸ್ಕಾಂತ ಅಂಟುತ್ತದೆ. ಹೊಸದಾಗಿ ಬಿದ್ದದ್ದಕ್ಕೆ ತೆಳು ಕಪ್ಪು ಸಿಪ್ಪೆ. ನಮ್ಮ ಮುರಕಲ್ಲಿನಂತೆ ಮೈತುಂಬ ತೂತಿಲ್ಲ.

ಕಳೆದ ವಾರ ಅಣಕು ಸಂದರ್ಶನದಲ್ಲೂ ಹೀಗೇ ಗತ್ತಿನಿಂದ ಊಹಿಸಿ ಮುಗ್ಗರಿಸಿದ್ದೆ. ಊಹಿಸುವುದು ತಪ್ಪಲ್ಲ ಗೆಳೆಯರೇ. ಹಿಂದಿನ ಲೆಕ್ಕ ನೋಡದೆ ಊಹಿಸುವುದು ತಪ್ಪು.